ಸೆಮಿಸ್ಟರ್ ಬಿಡುವಿನಲ್ಲಿ ರೋಮ್, ರವೆನ್ನಾ, ಪೊಂಪೇಯಿ: ಇಟಲಿಯಲ್ಲಿ ಓದುವವರಿಗೊಂದು ಕೈಪಿಡಿ

ಪ್ಯಾಕೇಜ್ ಟೂರಿನಲ್ಲಿ ಇಟಲಿಗೆ ಹೋದವರಿಗೆ ರೋಮ್ ಸಿಗುವುದು ಹೆಚ್ಚೆಂದರೆ ಒಂದೆರಡು ದಿನ. ಬೆಳಿಗ್ಗೆ ಕೊಲೋಸಿಯಂ, ಮಧ್ಯಾಹ್ನ ವ್ಯಾಟಿಕನ್, ಸಂಜೆ ಟ್ರೆವಿ ಕಾರಂಜಿಯ ಮುಂದೆ ಫೋಟೊ, ಮರುದಿನ ಫ್ಲಾರೆನ್ಸ್ ಬಸ್ಸು. ಬೊಲೊನ್ಯಾ, ಪಾದುವಾ, ಮಿಲಾನ್, ಟ್ಯೂರಿನ್‌ಗಳಿಗೆ ಓದಲು ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಈ ಧಾವಂತದ ಅಗತ್ಯವಿಲ್ಲ. ಕೈಯಲ್ಲಿ ಹಣ ಕಡಿಮೆ ಇರಬಹುದು, ಆದರೆ ಎರಡು ವರ್ಷ ಆ ದೇಶದಲ್ಲೇ ಇರುತ್ತಾರೆ. ಆದರೂ ಮೊದಲ ರಜೆ ಬಂದಕೂಡಲೇ ನಾಲ್ಕು ದಿನಕ್ಕೆ ಐದು ಊರು ಎಂದು ಪಟ್ಟಿ ಮಾಡಿ, ರೈಲಿನಲ್ಲೇ ನಿದ್ದೆ ಮಾಡಿ, ಯಾವ ಚರ್ಚು ಯಾವ ಊರಿನದೆಂದು ನೆನಪಿಲ್ಲದೆ ಹಿಂತಿರುಗುವವರೇ ಹೆಚ್ಚು.

ಇಟಲಿಯ ಪುರಾತನ ತಾಣಗಳನ್ನು ಬಿಡಿಬಿಡಿಯಾಗಿ, ನಿಧಾನವಾಗಿ ನೋಡಬೇಕು. ಅಲ್ಲಿ ಒಂದು ಕಾಲದ ಕಟ್ಟಡದ ಮೇಲೆ ಇನ್ನೊಂದು ಕಾಲದ್ದು ಕುಳಿತಿರುತ್ತದೆ, ಒಂದು ದೇವರು ಬಿಟ್ಟುಹೋದ ಜಾಗಕ್ಕೆ ಮತ್ತೊಂದು ದೇವರು ಬಂದಿರುತ್ತದೆ. ಅದು ಕಣ್ಣಿಗೆ ಬೀಳಬೇಕಾದರೆ ಒಂದೊಂದು ಕಡೆ ಅರ್ಧ ದಿನವಾದರೂ ಬೇಕು.

ಮೊದಲು ಕಾಗದಪತ್ರ. ಇಟಲಿಗೆ ಬಂದಿಳಿದ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅಂಚೆ ಕಚೇರಿಯಲ್ಲಿ ಅರ್ಜಿಯ ಲಕೋಟೆ ಕೊಟ್ಟಾಗ ಸಿಗುವ ರಸೀದಿಯೇ ಕಾರ್ಡ್ ಬರುವ ತನಕ ಆಧಾರ. ಕಾರ್ಡ್ ಬರಲು ಎಷ್ಟೋ ತಿಂಗಳು ಹಿಡಿಯುವುದುಂಟು. ಕಾರ್ಡ್ ಕೈಗೆ ಬಂದ ಮೇಲೆ ಪಾಸ್‌ಪೋರ್ಟ್ ಜೊತೆಗಿಟ್ಟುಕೊಂಡು ಉಳಿದ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ತಿರುಗಾಡಬಹುದು. ವೀಸಾ ಅವಧಿ ಮುಗಿದು ಬರೀ ರಸೀದಿ ಉಳಿದಿರುವಾಗ ಮಾತ್ರ ಗ್ರೀಸ್, ಸ್ಪೇನ್ ಎಂದು ಟಿಕೆಟ್ ತೆಗೆಸಬಾರದು, ಆ ರಸೀದಿಯ ಮೇಲೆ ಬೇರೆ ಷೆಂಗೆನ್ ದೇಶಗಳಿಗೆ ಹೋಗುವಂತಿಲ್ಲ. ಇಟಲಿಯೊಳಗೆ ಓಡಾಡಲು ಯಾವ ತಡೆಯೂ ಇಲ್ಲ. ಕಾಯುವ ಆ ತಿಂಗಳುಗಳೇ ಈ ಲೇಖನದ ಊರುಗಳಿಗೆ ತಕ್ಕ ಕಾಲ.

ನವೆಂಬರಿನಿಂದ ಮಾರ್ಚ್‌ವರೆಗೆ, ಕ್ರಿಸ್‌ಮಸ್ ವಾರ ಬಿಟ್ಟರೆ, ಎಲ್ಲೆಡೆ ಜನ ಕಡಿಮೆ, ವಸತಿ ಅಗ್ಗ. ಚಳಿಗಾಲದಲ್ಲಿ ಕೊಲೋಸಿಯಂನಂಥ ಬಯಲು ತಾಣಗಳು ಸಂಜೆ ಬೇಗ ಮುಚ್ಚುತ್ತವೆ, ಅಷ್ಟೇ ತೊಂದರೆ. ಜುಲೈ, ಆಗಸ್ಟ್‌ನಲ್ಲಿ ಪೊಂಪೇಯಿಯ ಕಲ್ಲುಹಾಸಿನ ಬೀದಿಗಳಲ್ಲಿ ನೆರಳೇ ಸಿಗದು. ಬಳ್ಳಾರಿ ಬಿಸಿಲು ಕಂಡವರೂ ಅಲ್ಲಿ ಮಧ್ಯಾಹ್ನ ತಿರುಗಾಡಬಾರದು.

ರೋಮ್‌ಗೆ ಹೋದವರು ಮೊದಲ ದಿನವೇ ಕೊಲೋಸಿಯಂ ಸಾಲಿನಲ್ಲಿ ನಿಲ್ಲುತ್ತಾರೆ. ಅದಕ್ಕಿಂತ ಮೊದಲು, ಅಲ್ಲಿಂದ ಕೆಲವೇ ನಿಮಿಷ ನಡೆದರೆ ಸಿಗುವ ಸಂತ ಕ್ಲೆಮೆಂಟರ ಬೆಸಿಲಿಕಕ್ಕೆ ಹೋಗುವುದು ಮೇಲು. ಹೊರಗಿನಿಂದ ಸಾಧಾರಣ ಚರ್ಚಿನಂತೆ ಕಾಣುವ ಕಟ್ಟಡ ಅದು. ಒಳಗೆ 12ನೇ ಶತಮಾನದ ಸಭಾಂಗಣ, ಪೂಜಾಪೀಠದ ಹಿಂದಿನ ಅರ್ಧಗುಮ್ಮಟದಲ್ಲಿ ಚಿನ್ನದ ಬಣ್ಣದ ಮೊಸಾಯಿಕ್. ಪ್ರವೇಶ ಉಚಿತ. ಪಕ್ಕದ ಕೌಂಟರಿನಲ್ಲಿ ಟಿಕೆಟ್ ಪಡೆದು ಮೆಟ್ಟಿಲಿಳಿದರೆ 4ನೇ ಶತಮಾನದ ಇನ್ನೊಂದು ಚರ್ಚು. ಮೇಲಿನದು ನಿಂತಿರುವುದೇ ಇದರ ಗೋಡೆಗಳ ಮೇಲೆ. ಇಲ್ಲಿನ 11ನೇ ಶತಮಾನದ ಗೋಡೆಚಿತ್ರವೊಂದರಲ್ಲಿ ಪಾತ್ರಗಳು ಆಡುವ ಮಾತನ್ನು ಅವರ ಪಕ್ಕದಲ್ಲೇ ಬರೆದಿದ್ದಾರೆ. ಲ್ಯಾಟಿನ್ ಬಿಟ್ಟು ಆಡುನುಡಿಯಲ್ಲಿ ಬರೆದ ಆ ಸಾಲುಗಳು, ಅದರಲ್ಲೊಂದು ಬೈಗುಳವೂ ಸೇರಿ, ಇಟಾಲಿಯನ್ ಭಾಷೆಯ ಅತಿ ಹಳೆಯ ಬರಹಗಳಲ್ಲಿ ಸೇರಿವೆ. ಇನ್ನೂ ಕೆಳಗಿಳಿದರೆ ರೋಮನ್ ಕಾಲದ ಓಣಿ, ಇಟ್ಟಿಗೆ ಗೋಡೆ, ಮಿತ್ರಾಸ್ ಎಂಬ ದೇವರ ಗುಹಾಲಯ. ಎರಡು ಬದಿಗೂ ಭಕ್ತರು ಒರಗಿ ಕೂರುತ್ತಿದ್ದ ಕಲ್ಲಿನ ಜಗಲಿ, ನಡುವೆ ಗೂಳಿಯನ್ನು ಕೊಲ್ಲುವ ಮಿತ್ರಾಸ್‌ನನ್ನು ಕೆತ್ತಿದ ಬಲಿಪೀಠ. ಗೋಡೆಯಾಚೆ ನೀರು ಹರಿಯುವ ಸದ್ದು ಈಗಲೂ ಕೇಳುತ್ತದೆ. 1857ರಲ್ಲಿ ಇಲ್ಲಿನ ಐರಿಷ್ ಡೊಮಿನಿಕನ್ ಸಂನ್ಯಾಸಿ ಜೋಸೆಫ್ ಮುಲ್ಲೂಲಿ ಅಗೆತ ಶುರು ಮಾಡುವ ತನಕ ಕೆಳಗಿನ ಚರ್ಚು ಮಣ್ಣು ತುಂಬಿಕೊಂಡು ಮರೆಯಾಗಿತ್ತು. ರೋಮ್ ಹೇಗೆ ಬೆಳೆಯಿತೆಂದು ತಿಳಿಯಲು ಈ ಒಂದು ಕಟ್ಟಡದ ಮೆಟ್ಟಿಲು ಸಾಕು. ಉತ್ಖನನದ ಭಾಗದಲ್ಲಿ ಫೋಟೊ ತೆಗೆಯುವಂತಿಲ್ಲ, ಮಧ್ಯಾಹ್ನ ಕೆಲ ಹೊತ್ತು ಮುಚ್ಚಿರುತ್ತದೆ.

ಹೀಗೆ ಮಧ್ಯಾಹ್ನ ಬಾಗಿಲು ಹಾಕುವುದು ರೋಮ್‌ನ ಅನೇಕ ಚರ್ಚುಗಳ ಪದ್ಧತಿ. ಸುಮಾರು ಹನ್ನೆರಡೂವರೆಯಿಂದ ಮೂರೂವರೆ, ನಾಲ್ಕರವರೆಗೆ ಬೀಗ. ಆದ್ದರಿಂದ ಬೆಳಿಗ್ಗೆ ಮತ್ತು ಸಂಜೆ ಚರ್ಚು, ನಡುವೆ ಅವಶೇಷಗಳು ಎಂದು ದಿನ ಹೊಂದಿಸಿಕೊಳ್ಳಬೇಕು. ಜೇಬಿನಲ್ಲಿ ಚಿಲ್ಲರೆಯೂ ಇರಲಿ. ಸಂತ ಲೂಯಿಯವರ ಫ್ರೆಂಚ್ ಚರ್ಚಿನಲ್ಲಿ ಕರವಾಜೊ 1599–1602ರ ನಡುವೆ ಸಂತ ಮತ್ತಾಯನ ಬಗ್ಗೆ ಬಿಡಿಸಿದ ಚಿತ್ರಗಳಿವೆ. ಪೆಟ್ಟಿಗೆಗೆ ನಾಣ್ಯ ಹಾಕಿದರೆ ಅವುಗಳ ಮೇಲೆ ದೀಪ ಹತ್ತುತ್ತದೆ, ಕೆಲ ಹೊತ್ತಿನಲ್ಲಿ ಆರುತ್ತದೆ. ಇಷ್ಟು ಕಡಿಮೆ ಖರ್ಚಿಗೆ ಕರವಾಜೊ ಸಿಗುವುದು ಅಪರೂಪ.

ಪ್ಯಾಂಥಿಯನ್ ಕಥೆಯೂ ಇಂಥದೇ. ಹಾಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಸುಮಾರು 125ರ ಹೊತ್ತಿಗೆ ಮುಗಿದ ಈ ದೇವಾಲಯ 609ರಲ್ಲಿ ಚರ್ಚಾಯಿತು. ಚರ್ಚಾದುದರಿಂದಲೇ ಇಂದಿಗೂ ಮುಕ್ಕಾಗದೆ ನಿಂತಿದೆ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟಿನ ಗುಮ್ಮಟಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೂ ಇಲ್ಲ. ಅಡ್ಡಳತೆ 43.3 ಮೀಟರ್, ನೆಲದಿಂದ ತುದಿಗೂ ಅಷ್ಟೇ ಎತ್ತರ. ನೆತ್ತಿಯ ತೆರೆದ ಬಾಯಿಂದ ಮಳೆ ಒಳಗೇ ಬೀಳುತ್ತದೆ. ಅದಕ್ಕೆಂದೇ ನೆಲಕ್ಕೆ ಇಳಿಜಾರು ಕೊಟ್ಟು, ಅಮೃತಶಿಲೆಯಲ್ಲಿ ಸಣ್ಣ ತೂತುಗಳನ್ನು ಕೊರೆದಿದ್ದಾರೆ. ಮಳೆ ಬಂದ ದಿನ ಬೇರೆ ಕಡೆ ಓಡದೆ ಇಲ್ಲಿಗೆ ಬಂದರೆ ಆ ಲೆಕ್ಕಾಚಾರ ಕಣ್ಣೆದುರೇ ಕೆಲಸ ಮಾಡುವುದನ್ನು ನೋಡಬಹುದು. 2023ರ ಜುಲೈನಿಂದ ಪ್ರವಾಸಿಗರಿಗೆ ಟಿಕೆಟ್ ಇದೆ, ಬಲಿಪೂಜೆಗೆ ಬರುವವರಿಗೆ ಇಲ್ಲ.

ಕೊಲೋಸಿಯಂ ವಿಚಾರದಲ್ಲಿ ಹೇಳಬೇಕಾದ್ದು ಟಿಕೆಟ್ ಬಗ್ಗೆ. ಹೆಸರು ಹಾಕಿದ ಟಿಕೆಟ್ಟೇ ಬೇಕು, ಬಾಗಿಲಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಭೇಟಿಗೆ ಒಂದು ತಿಂಗಳು ಮುಂಚೆ ಅಧಿಕೃತ ಜಾಲತಾಣದಲ್ಲಿ ಟಿಕೆಟ್ ಬಿಡುಗಡೆಯಾಗುತ್ತದೆ. ಅದು ಬಿಟ್ಟು ಹುಡುಕಾಟದಲ್ಲಿ ಮೊದಲು ಕಾಣುವ ಮಧ್ಯವರ್ತಿ ತಾಣಗಳಲ್ಲಿ ಕೊಂಡರೆ ದುಪ್ಪಟ್ಟು ಕೊಟ್ಟರೂ ಆಶ್ಚರ್ಯವಿಲ್ಲ. ಅದೇ ಟಿಕೆಟ್ಟಿನಲ್ಲಿ ಫೋರಂ ಮತ್ತು ಪಲಟೈನ್ ಗುಡ್ಡವೂ ಸೇರಿವೆ. ಫೋರಂನ ಟೈಟಸ್ ಕಮಾನಿನ ಒಳಬದಿಯನ್ನು ನಿಂತು ನೋಡಬೇಕು. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ಲೂಟಿ ಮಾಡಿ ಏಳು ಕವಲಿನ ದೀಪಸ್ತಂಭ ಹೊತ್ತು ತರುವ ಸೈನಿಕರು ಅಲ್ಲಿದ್ದಾರೆ. ಆ ಕಮಾನಿನ ಕೆಳಗೆ ಹಾಯದಿರುವ ಸಂಪ್ರದಾಯ ರೋಮ್‌ನ ಯಹೂದಿಗಳಲ್ಲಿ ಬಹುಕಾಲ ಇತ್ತು. ಅಲ್ಲಿಂದ ನದಿಯ ಕಡೆ ನಡೆದರೆ ಅವರ ಹಳೆಯ ಕೇರಿ ಸಿಗುತ್ತದೆ. 1555ರಲ್ಲಿ ಪೋಪ್ ನಾಲ್ಕನೇ ಪೌಲ್ ಗೋಡೆ ಕಟ್ಟಿಸಿ ಯಹೂದಿಗಳನ್ನು ಕೂಡಿಹಾಕಿದ ಜಾಗ ಅದು. 1943ರ ಅಕ್ಟೋಬರ್ 16ರಂದು ನಾತ್ಸಿಗಳು ಇಲ್ಲಿಂದ ಮತ್ತು ನಗರದ ಬೇರೆ ಮನೆಗಳಿಂದ ಹಿಡಿದೊಯ್ದವರ ಹೆಸರುಗಳು ಬಾಗಿಲುಗಳ ಮುಂದಿನ ಹಿತ್ತಾಳೆ ಕಲ್ಲುಗಳ ಮೇಲಿವೆ. 1904ರಲ್ಲಿ ಕಟ್ಟಿದ ದೊಡ್ಡ ಸಿನಗಾಗ್ ಅನ್ನು ಅದರ ಮ್ಯೂಸಿಯಂ ಟಿಕೆಟ್ಟಿನಲ್ಲಿ ನೋಡಬಹುದು, ಶನಿವಾರ ಮಾತ್ರ ಬಾಗಿಲಿಲ್ಲ.

ವ್ಯಾಟಿಕನ್ ಬೇರೆ ರಾಷ್ಟ್ರವಾದರೂ ಗಡಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ ಇಲ್ಲ. ಸಂತ ಪೇತ್ರರ ಬೆಸಿಲಿಕಕ್ಕೆ ಪ್ರವೇಶ ಉಚಿತ, ಭದ್ರತಾ ತಪಾಸಣೆಯ ಸಾಲು ಮಾತ್ರ ಉದ್ದ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋದವರು ಪುಣ್ಯವಂತರು. ಬುಧವಾರ ಬೆಳಿಗ್ಗೆ ಪೋಪರ ಸಾರ್ವಜನಿಕ ದರ್ಶನ ಇರುವುದರಿಂದ ಆ ಹೊತ್ತು ಬಿಡಬೇಕು. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ರಜ, ತಿಂಗಳ ಕೊನೆಯ ಭಾನುವಾರ ಮಾತ್ರ ಮಧ್ಯಾಹ್ನದವರೆಗೆ ಎಲ್ಲರಿಗೂ ಉಚಿತ. ಆ ದಿನದ ನೂಕುನುಗ್ಗಲು ನೆನೆದರೆ 25 ವರ್ಷದವರೆಗಿನ ವಿದ್ಯಾರ್ಥಿಗಳಿಗಿರುವ ರಿಯಾಯಿತಿ ಟಿಕೆಟ್ಟೇ ವಾಸಿ. ಕಾಲೇಜಿನ ಗುರುತಿನ ಚೀಟಿ ಒಯ್ಯಬೇಕು. ಸಿಸ್ಟೀನ್ ಪ್ರಾರ್ಥನಾಲಯದಲ್ಲಿ ಫೋಟೊ ಇಲ್ಲ, ಮಾತೂ ಇಲ್ಲ. 1508ರಿಂದ 1512ರವರೆಗೆ ಮೈಕೆಲೆಂಜೆಲೊ ಹಸಿ ಗಾರೆಯ ಮೇಲೆ ಬಿಡಿಸಿದ ಚಾವಣಿಯನ್ನು ಕತ್ತೆತ್ತಿ ನೋಡುವಾಗ ಮಂಗಳೂರಿನವರಿಗೆ ಸಂತ ಅಲೋಶಿಯಸ್ ಚಾಪೆಲ್ ನೆನಪಾಗುವುದು ಸಹಜ. ಇಟಲಿಯ ಬೆರ್ಗಾಮೊ ಕಡೆಯ ಜೆಸ್ವಿಟ್ ಅಂತೋನಿಯೊ ಮೊಸ್ಕೇನಿ ಅದರ ಗೋಡೆ, ಚಾವಣಿಗಳನ್ನು ಚಿತ್ರಿಸಿದ್ದು 19ನೇ ಶತಮಾನದ ಕೊನೆಯಲ್ಲಿ. ಹಸಿ ಗಾರೆಯ ಚಿತ್ರಕಲೆ ಏನೆಂದು ಮಂಗಳೂರಿನಲ್ಲೇ ನೋಡಿಕೊಂಡು ಹೋದವರಿಗೆ ಸಿಸ್ಟೀನ್ ಇನ್ನಷ್ಟು ದಕ್ಕುತ್ತದೆ.

ಈ ಜಾಗಗಳಲ್ಲಿ ಹೆಚ್ಚಿನವು ಇಂದಿಗೂ ಪೂಜೆ ನಡೆಯುವ ಆಲಯಗಳು. ನಮ್ಮ ಊರಿನ ದೇವಸ್ಥಾನಕ್ಕೆ ಬಂದ ವಿದೇಶಿಗನಿಂದ ನಾವು ಬಯಸುವ ನಡತೆಯನ್ನೇ ಅಲ್ಲಿ ನಮ್ಮಿಂದಲೂ ಬಯಸುತ್ತಾರೆ. ಭುಜ ಮತ್ತು ಮಂಡಿ ಮುಚ್ಚಿರಬೇಕು, ಈ ನಿಯಮ ಗಂಡಸರಿಗೂ ಉಂಟು. ಬ್ಯಾಗಿನಲ್ಲಿ ಒಂದು ದುಪಟ್ಟಾ ಇದ್ದರೆ ಎಲ್ಲ ಕಡೆಗೂ ಆಗುತ್ತದೆ. ಚರ್ಚಿನಲ್ಲಿ ಚಪ್ಪಲಿ ಬಿಡುವಂತಿಲ್ಲ, ಗಂಡಸರು ಟೋಪಿ ತೆಗೆಯಬೇಕು. ಸಿನಗಾಗ್‌ನಲ್ಲಿ ಗಂಡಸರು ತಲೆ ಮುಚ್ಚಬೇಕು. ಮಸೀದಿಯಲ್ಲಿ ಪಾದರಕ್ಷೆ ಹೊರಗೆ. ಬಲಿಪೂಜೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಲು ಯಾರೂ ಬೇಡವೆನ್ನುವುದಿಲ್ಲ, ಕ್ಯಾಮೆರಾ ಮಾತ್ರ ಒಳಗಿರಲಿ. ಪರಮಪ್ರಸಾದಕ್ಕೆ ಎಲ್ಲರೂ ಎದ್ದು ಸಾಲು ನಿಂತಾಗ ಪ್ರಸಾದವೆಂದು ಭಕ್ತಿಯಿಂದಲೇ ಕೈಯೊಡ್ಡುವವರುಂಟು. ಅದು ಕ್ಯಾಥೊಲಿಕರಿಗೆ ಮಾತ್ರ ಸಲ್ಲುವ ಸಂಸ್ಕಾರ, ಉಳಿದವರು ಕುಳಿತಲ್ಲೇ ಇರುವುದು ಮರ್ಯಾದೆ. ಮೇಣದ ಬತ್ತಿ ಹಚ್ಚಿ ಪಕ್ಕದ ಪೆಟ್ಟಿಗೆಗೆ ಕಾಣಿಕೆ ಹಾಕಲು ಯಾರಿಗೂ ಅಡ್ಡಿಯಿಲ್ಲ.

ರೋಮ್‌ನಷ್ಟು ಹೆಸರಿಲ್ಲದ, ಆದರೆ ಬೊಲೊನ್ಯಾದಲ್ಲಿ ಓದುವವರು ಒಂದು ಭಾನುವಾರದಲ್ಲೇ ನೋಡಿ ಬರಬಹುದಾದ ಊರು ರವೆನ್ನಾ. ಪ್ರಾದೇಶಿಕ ರೈಲಿನಲ್ಲಿ ಒಂದು ಗಂಟೆಗೆ ತುಸು ಹೆಚ್ಚು ಹೊತ್ತು. ಪಶ್ಚಿಮ ರೋಮನ್ ಸಾಮ್ರಾಜ್ಯದ ಕೊನೆಗಾಲದ ರಾಜಧಾನಿ, ಆಮೇಲೆ ಗಾಥ್ ಅರಸ ಥಿಯೊಡೊರಿಕ್‌ನದು, ಆಮೇಲೆ ಬೈಜಾಂಟಿಯಂನದು. ಮೂವರ ಕಾಲದ ಕಟ್ಟಡಗಳೂ ಉಳಿದಿವೆ, ಎಂಟನ್ನು 1996ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಲಾಯಿತು.

ಗಾಥರೂ ಕ್ರೈಸ್ತರೇ, ಆದರೆ ಏರಿಯನ್ ಪಂಥದವರು. ಹಾಗಾಗಿ ಊರಿನಲ್ಲಿ ಜ್ಞಾನಸ್ನಾನದ ಆಲಯಗಳೂ ಎರಡು. ಎರಡರ ಗುಮ್ಮಟದಲ್ಲೂ ಯೊರ್ದಾನ್ ನದಿಯಲ್ಲಿ ನಿಂತ ಯೇಸು, ಮುದುಕನ ರೂಪದಲ್ಲಿ ಆ ನದಿ, ಸುತ್ತ ಹನ್ನೆರಡು ಶಿಷ್ಯರ ಮೆರವಣಿಗೆ. ಒಂದೇ ದೃಶ್ಯವನ್ನು ಪರಸ್ಪರ ಒಪ್ಪದ ಎರಡು ಪಂಥಗಳು ಒಂದೇ ಊರಿನಲ್ಲಿ ಬಿಡಿಸಿಕೊಂಡಿದ್ದವು. ಥಿಯೊಡೊರಿಕ್ ಕಟ್ಟಿಸಿದ ಹೊಸ ಸಂತ ಅಪೊಲಿನಾರೆ ಚರ್ಚಿನ ಬಲಗೋಡೆಯಲ್ಲಿ ಅವನ ಅರಮನೆಯ ಮೊಸಾಯಿಕ್ ಇದೆ. ಕಂಬಗಳ ನಡುವೆ ಅವನ ಆಸ್ಥಾನದವರಿದ್ದರು. ಊರು ಬೈಜಾಂಟಿಯಂ ವಶವಾದ ಮೇಲೆ ಆ ಜನರನ್ನೆಲ್ಲ ಕಿತ್ತು ಆ ಜಾಗದಲ್ಲಿ ಪರದೆಗಳನ್ನು ಕೂರಿಸಿದರು. ಕಂಬಗಳನ್ನು ಮುಟ್ಟಲಿಲ್ಲ. ಸೂಕ್ಷ್ಮವಾಗಿ ನೋಡಿದರೆ ಒಂದೆರಡು ಕಂಬಗಳ ಮೇಲೆ ಯಾರದೋ ಬೆರಳು, ಮುಂಗೈ ಇನ್ನೂ ಅಂಟಿಕೊಂಡಿವೆ. ದೇಹವಿಲ್ಲದ ಆ ಕೈಗಳನ್ನು ನೋಡದೆ ರವೆನ್ನಾದಿಂದ ಹೊರಡಬಾರದು.

547ರಲ್ಲಿ ಪ್ರತಿಷ್ಠಾಪನೆಯಾದ ಸಂತ ವಿತಾಲೆಯಲ್ಲಿ ಚಕ್ರವರ್ತಿ ಜಸ್ಟಿನಿಯನ್ ಮತ್ತು ರಾಣಿ ಥಿಯೊಡೊರಾ ತಮ್ಮ ಪರಿವಾರದೊಂದಿಗೆ ಎದುರುಬದುರು ನಿಂತಿದ್ದಾರೆ. ಪಕ್ಕದ ಗಾಲ್ಲಾ ಪ್ಲಾಸಿಡಿಯಾ ಸ್ಮಾರಕ ಪುಟ್ಟದು, ಕಡುನೀಲಿ ಚಾವಣಿಯ ತುಂಬ ಚಿನ್ನದ ನಕ್ಷತ್ರ. ಒಳಗೆ ಬಿಡುವುದು ಕೆಲವೇ ನಿಮಿಷ, ಅದಕ್ಕೂ ಸಮಯ ಗೊತ್ತುಮಾಡಿಕೊಂಡೇ ಟಿಕೆಟ್ ತೆಗೆಯಬೇಕು. ಕಿಟಕಿಗಳಿಗೆ ತೆಳುವಾದ ಅಲಬಾಸ್ಟರ್ ಕಲ್ಲು ಕೂರಿಸಿರುವುದರಿಂದ ಒಳಗಿನ ಬೆಳಕು ಮಂದ. ಒಳಹೊಕ್ಕ ಮೊದಲ ನಿಮಿಷ ಕಣ್ಣು ಹೊಂದಿಕೊಳ್ಳಲು ಬೇಕು, ಫೋನ್ ಆಮೇಲೆ ತೆಗೆದರಾಯಿತು.

ಹಣದ ಮಾತು. ಸರ್ಕಾರಿ ಮ್ಯೂಸಿಯಂಗಳಲ್ಲಿ 18ರಿಂದ 25 ವರ್ಷದವರಿಗೆ ಎರಡು ಯೂರೊ ಟಿಕೆಟ್ ಎಂಬ ಫಲಕ ಕಂಡು ನಮ್ಮ ವಿದ್ಯಾರ್ಥಿಗಳು ಖುಷಿಪಡುತ್ತಾರೆ. ಅದು ಯುರೋಪಿಯನ್ ಒಕ್ಕೂಟದ ಪ್ರಜೆಗಳಿಗೆ. ಅಲ್ಲೇ ವಾಸವಿದ್ದರೂ ಭಾರತದ ಪಾಸ್‌ಪೋರ್ಟಿಗೆ ಅನ್ವಯಿಸುವುದಿಲ್ಲ. ಆದರೆ ಒಕ್ಕೂಟದ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ, ಪುರಾತತ್ವ, ಕಲಾ ಇತಿಹಾಸ, ಪರಂಪರೆ ಸಂರಕ್ಷಣೆ ಓದುತ್ತಿರುವವರಿಗೆ, ಯಾವ ದೇಶದವರಾದರೂ, ಪ್ರವೇಶ ಉಚಿತ. ಆ ವರ್ಷದ ದಾಖಲಾತಿ ಪತ್ರ ತೋರಿಸಬೇಕು. ಉಳಿದವರಿಗೆ 2014ರಿಂದ ನಡೆದುಬಂದಿರುವ ತಿಂಗಳ ಮೊದಲ ಭಾನುವಾರದ ಉಚಿತ ಪ್ರವೇಶವಿದೆ. ಏಪ್ರಿಲ್ 25, ಜೂನ್ 2, ನವೆಂಬರ್ 4ರಂದೂ ಉಚಿತ. ಕೊಲೋಸಿಯಂ ಅನ್ನು ಇಂಥ ದಿನ ಹಚ್ಚಿಕೊಳ್ಳದೆ, ಅಷ್ಟು ಜನ ಹೋಗದ ಮ್ಯೂಸಿಯಂಗೆ ಉಪಯೋಗಿಸಿಕೊಳ್ಳುವುದು ಜಾಣತನ.

ವೇಗದ ರೈಲುಗಳ ದರ ದಿನ ಹತ್ತಿರವಾದಂತೆ ಏರುತ್ತದೆ, ಪ್ರಾದೇಶಿಕ ರೈಲಿನದು ಯಾವಾಗ ಕೊಂಡರೂ ಅಷ್ಟೇ. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮುನ್ನ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಲೇಬೇಕು, ಫೋನಿನ ಟಿಕೆಟ್ಟಾದರೆ ಚೆಕ್-ಇನ್ ಮಾಡಬೇಕು. ಮರೆತರೆ ದಂಡ ತೆರಬೇಕಾಗುತ್ತದೆ. ಮುಷ್ಕರಗಳು ಮೊದಲೇ ಪ್ರಕಟವಾಗುತ್ತವೆ, ಹೊರಡುವ ಹಿಂದಿನ ದಿನ ನೋಡಿಕೊಳ್ಳಬೇಕು. ಕೆಲಸದ ದಿನ ಮುಷ್ಕರವಿದ್ದರೂ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತರವರೆಗೆ ಕೆಲವು ಪ್ರಾದೇಶಿಕ ರೈಲುಗಳನ್ನು ಓಡಿಸಲೇಬೇಕೆಂಬ ನಿಯಮವಿದೆ. ಕುಡಿಯುವ ನೀರಿಗೆ ರೋಮ್‌ನಲ್ಲಿ ಖರ್ಚಿಲ್ಲ, ಬೀದಿಬದಿಯಲ್ಲಿ ಸುಮಾರು 2,500 ನಲ್ಲಿಗಳು ಸದಾ ಹರಿಯುತ್ತಿರುತ್ತವೆ.

ಊಟದಲ್ಲಿ ಶುದ್ಧ ಸಸ್ಯಾಹಾರಿಗಳು ಗಮನಿಸಬೇಕಾದದ್ದು ಚೀಸ್. ಪಾರ್ಮಿಜಾನೊ, ಪೆಕೊರಿನೊ ರೊಮಾನೊ ಎರಡಕ್ಕೂ ಹಾಲು ಒಡೆಸಲು ಎಳೆಯ ಪ್ರಾಣಿಯ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಅದು ಬೇಡವಾದರೆ ಟೊಮೆಟೊ, ಬೆಳ್ಳುಳ್ಳಿ, ಎಣ್ಣೆಯ ಮರಿನಾರಾ ಪಿಜ್ಜಾ ಎಲ್ಲೆಡೆ ಸಿಗುತ್ತದೆ, ಬೆಲೆಯೂ ಕಡಿಮೆ. ತಂಗಲು ರೋಮ್, ಅಸ್ಸೀಸಿಗಳಲ್ಲಿ ಸಂನ್ಯಾಸಿನಿಯರು ನಡೆಸುವ ಅತಿಥಿಗೃಹಗಳಿವೆ. ಸರಳ, ಚೊಕ್ಕಟ, ಒಂಟಿಯಾಗಿ ಹೋಗುವ ಹುಡುಗಿಯರಿಗೆ ನೆಮ್ಮದಿ. ರಾತ್ರಿ ಇಷ್ಟು ಹೊತ್ತಿಗೆ ಬಾಗಿಲು ಹಾಕುತ್ತೇವೆ ಎಂಬ ನಿಯಮ ಸಾಮಾನ್ಯ, ಮೊದಲೇ ಕೇಳಿಕೊಳ್ಳಬೇಕು.

ದಕ್ಷಿಣಕ್ಕೆ ಇಳಿದರೆ ನೇಪಲ್ಸ್. ಅಲ್ಲಿಂದ ವೆಸುವಿಯಸ್ ಸುತ್ತುವ ಸ್ಥಳೀಯ ರೈಲು ಪೊಂಪೇಯಿಯ ಅವಶೇಷಗಳ ಬಾಗಿಲಿಗೇ ಬಿಡುತ್ತದೆ. ಜೇಬುಗಳ್ಳರಿಗೆ ಹೆಸರಾದ ರೈಲು ಅದು, ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ. 2024ರ ನವೆಂಬರಿನಿಂದ ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ, ಇಲ್ಲೂ ಹೆಸರಿನ ಟಿಕೆಟ್. ಕ್ರಿ.ಶ. 79ರಲ್ಲಿ ಬೂದಿಯಡಿ ಹುಗಿದುಹೋದ ಈ ಊರಿನ ಮೂರನೇ ಒಂದು ಭಾಗ ಇನ್ನೂ ಅಗೆಯದೆ ಉಳಿದಿದೆ. ಅಗೆದದ್ದೇ ಒಂದು ದಿನಕ್ಕೆ ಹೆಚ್ಚು.

ಧಾರ್ಮಿಕ ತಾಣವೆಂದು ಪೊಂಪೇಯಿಗೆ ಹೋಗುವವರು ಕಡಿಮೆ. ಆದರೆ ಅಲ್ಲಿನ ಐಸಿಸ್ ದೇವಾಲಯದ ದಾನಶಾಸನ ನಮ್ಮವರಿಗೆ ಅಪರಿಚಿತ ಎನಿಸದು. ಕ್ರಿ.ಶ. 62ರ ಭೂಕಂಪದಲ್ಲಿ ಬಿದ್ದ ಗುಡಿಯನ್ನು ಬುನಾದಿಯಿಂದ ಮತ್ತೆ ಕಟ್ಟಿಸಿದವನು ನ್ಯೂಮೇರಿಯಸ್ ಪೊಪಿಡಿಯಸ್ ಸೆಲ್ಸಿನಸ್ ಎಂದು ಅದು ಹೇಳುತ್ತದೆ. ವಯಸ್ಸು ಆರು! ಅವನ ತಂದೆ ಬಿಡುಗಡೆ ಪಡೆದ ಗುಲಾಮ, ನಗರಸಭೆಗೆ ಸೇರುವ ಹಕ್ಕು ಅವನಿಗಿರಲಿಲ್ಲ. ಮಗನ ಹೆಸರಿನಲ್ಲಿ ದೇವಾಲಯ ಕಟ್ಟಿಸಿದ, ನಗರಸಭೆ ಆ ಮಗುವನ್ನು ಶುಲ್ಕವಿಲ್ಲದೆ ಸದಸ್ಯನನ್ನಾಗಿ ಮಾಡಿಕೊಂಡಿತು. ಈಜಿಪ್ಟಿನ ದೇವಿ, ಗುಲಾಮಗಿರಿಯಿಂದ ಬಿಡುಗಡೆಯಾದ ಮನೆತನ, ರೋಮನ್ ಪುರಸಭೆ ಎಲ್ಲವೂ ಒಂದೇ ಕಲ್ಲಿನ ಮೇಲೆ.

ಈ ಗುಡಿಯ ಗೋಡೆಚಿತ್ರಗಳು ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿವೆ. ಮಂಗಳವಾರ ಅದಕ್ಕೆ ರಜ. ಅಲ್ಲೇ ಪೊಂಪೇಯಿಯ ಮನೆಯೊಂದರಲ್ಲಿ 1938ರಲ್ಲಿ ಸಿಕ್ಕಿದ, ಗೇಣುದ್ದಕ್ಕಿಂತ ತುಸು ಎತ್ತರದ ದಂತದ ಹೆಣ್ಣು ಪ್ರತಿಮೆಯಿದೆ. ಇಬ್ಬರು ಪುಟ್ಟ ಪರಿಚಾರಿಕೆಯರು, ಮೈತುಂಬ ಆಭರಣ, ಬೆನ್ನ ಮೇಲೆ ಜಡೆ. ಪೊಂಪೇಯಿ ಲಕ್ಷ್ಮಿ ಎಂದೇ ಪ್ರಸಿದ್ಧವಾದ ಈಕೆ ಯಕ್ಷಿಯಿರಬೇಕೆಂದು ಈಗ ಅನೇಕ ವಿದ್ವಾಂಸರ ಮತ. ತಲೆಯ ಮೇಲಿನ ತೂತು ನೋಡಿದರೆ ಯಾವುದೋ ಪೀಠೋಪಕರಣದ ಭಾಗವಾಗಿದ್ದಿರಬಹುದು. ಹೇಗಿದ್ದರೂ 79ಕ್ಕೆ ಮೊದಲೇ ಭಾರತದಿಂದ ಕಡಲು ದಾಟಿ ಹೋದವಳು. ಹೀಗೆ ಹೋದ ಸರಕಿಗೆ ಬದಲಾಗಿ ಬಂದ ನಾಣ್ಯಗಳು ನಮ್ಮಲ್ಲೂ ಸಿಕ್ಕಿವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ದೊರೆತ ರೋಮನ್ ಬೆಳ್ಳಿ ನಾಣ್ಯಗಳ ಮೇಲೆ ಇರುವುದು ಈ ಕಾಲದ ಚಕ್ರವರ್ತಿಗಳ ಮುಖವೇ. ಪ್ರತಿಮೆ ಇರುವುದು ‘ರಹಸ್ಯ ಕೋಣೆ’ ಎಂಬ ವಿಭಾಗದಲ್ಲಿ. ಅದು ಕೆಲವು ದಿನ ಮುಚ್ಚಿರಬಹುದಾದ್ದರಿಂದ ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳಬೇಕು.

ಪೊಂಪೇಯಿಯ ಜನಜಂಗುಳಿ ಸಾಕೆನಿಸಿದವರಿಗೆ ಸಲೆರ್ನೊ ದಾಟಿ ಪೇಸ್ಟಮ್ ಇದೆ. ಗ್ರೀಕ್ ವಲಸಿಗರು ಕ್ರಿ.ಪೂ. 6 ಮತ್ತು 5ನೇ ಶತಮಾನಗಳಲ್ಲಿ ಕಟ್ಟಿದ ಮೂರು ದೇವಾಲಯಗಳು ಹುಲ್ಲುಬಯಲಿನಲ್ಲಿ ನಿಂತಿವೆ, ಗ್ರೀಸಿನಲ್ಲೂ ಇಷ್ಟು ಇಡಿಯಾಗಿ ಉಳಿದವು ಅಪರೂಪ. ಕಾರ್ಡ್ ಬಾರದೆ ಅಥೆನ್ಸ್ ತಪ್ಪಿಸಿಕೊಂಡವರಿಗೆ ಇದಕ್ಕಿಂತ ಒಳ್ಳೆಯ ಪರಿಹಾರ ಇಲ್ಲ. ಪಕ್ಕದ ಮ್ಯೂಸಿಯಂನಲ್ಲಿ 1968ರಲ್ಲಿ ಸಿಕ್ಕಿದ ‘ಧುಮುಕುವವನ ಗೋರಿ’ಯ ಚಿತ್ರಫಲಕಗಳಿವೆ. ಸುಮಾರು 2,500 ವರ್ಷ ಹಿಂದೆ ಗೋರಿಯ ಮುಚ್ಚಳದ ಒಳಬದಿಗೆ, ಸತ್ತವನಿಗಷ್ಟೇ ಕಾಣುವಂತೆ, ನೀರಿಗೆ ಹಾರುವ ಹುಡುಗನನ್ನು ಬಿಡಿಸಿದ್ದರು. ರೈಲು ನಿಲ್ದಾಣದಿಂದ ತಾಣಕ್ಕೆ ನಡೆದೇ ಹೋಗಬಹುದು. ವಾಪಸ್ ರೈಲುಗಳು ಮಾತ್ರ ವಿರಳ, ಭಾನುವಾರ ಇನ್ನೂ ಕಡಿಮೆ. ಇಳಿದಕೂಡಲೇ ಸಂಜೆಯ ವೇಳಾಪಟ್ಟಿಯ ಫೋಟೊ ತೆಗೆದುಕೊಂಡು, ಕೊನೆಯ ರೈಲಿಗೆ ಕಾಯದೆ ಅದರ ಹಿಂದಿನದಕ್ಕೇ ಹೊರಟರೆ ರಾತ್ರಿ ಊಟದ ಹೊತ್ತಿಗೆ ನೇಪಲ್ಸ್ ಸೇರಬಹುದು.